ಎಕ್ಸ್‌ಪೈರ್ ಆದ ನನ್ನ ಹೆಂಡತಿಯನ್ನು ತಾವು ನವೀಕರಿಸಿದ್ದರ ಬಗ್ಗೆ

ವಿದ್ಯುತ್ ಬಿಲ್ ವಸೂಲಿ ವಿಭಾಗದ ಮುಖ್ಯಾಧಿಕಾರಿಗಳೇ,

ತಾವು ನನ್ನ ಹೆಂಡತಿಯನ್ನು ನವೀಕರಿಸಿದ್ದೀರಿ. ಡಾಕ್ಟರರ ಕೈಲಿ ಆಗದ್ದು ತಮ್ಮ ಕಚೇರಿಯಿಂದ ಆಗಿದೆ. ಅದಕ್ಕೆ ಅಭಿನಂದನೆ ಹೇಳಬೇಕೋ ದೂರು ಕೊಡಬೇಕೋ ತಿಳಿಯದೆ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಧನಕವಡಿಯ ನಮ್ಮ ಮನೆಯ ಮೀಟರು ಹೆಂಡತಿ ಶಿವಗಂಗವ್ವನ ಹೆಸರಿನಲ್ಲಿದೆ. ಬಿಲ್ಲಿನ ಹಣ ನಮ್ಮಿಬ್ಬರ ಜಂಟಿ ಖಾತೆಯಿಂದ ತಾನಾಗಿಯೇ ಕಡಿತವಾಗಲಿ ಎಂದು ಒಪ್ಪಿಗೆ ಕೊಟ್ಟವಳೂ ಅವಳೇ. ನನ್ನ ಮೊಣಕಾಲಿಗೆ ಸಾಲಿನಲ್ಲಿ ನಿಲ್ಲುವ ಕಾಟ ತಪ್ಪುತ್ತದೆ ಎಂದಿದ್ದಳು. ಅವಳು ತೀರಿಕೊಂಡ ಮೇಲೆ ತಮಗೊಂದು ಅರ್ಜಿ ಬರೆದೆ. ಇಷ್ಟು ವರ್ಷ ಪುಣೆಯಲ್ಲಿದ್ದರೂ ಮರಾಠಿ ಬರೆಯಲು ಅಂಜಿಕೆ. ಹಾಗಾಗಿ ವಿಜಯಪುರದ ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷನ್ನು ಹೊರತೆಗೆದೆ. ‘ವಿತ್ ಡ್ಯೂ ರಿಸ್ಪೆಕ್ಟ್’ ಎಂದು ಶುರುಮಾಡಿ, ‘ಅಕೌಂಟ್ ಹೋಲ್ಡರ್ ಹ್ಯಾಸ್ ಎಕ್ಸ್‌ಪೈರ್ಡ್, ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಸಿದೆ. ತಾವು ನೀಡ್‌ಫುಲ್ ಮಾಡಿದಿರಿ. ಅವಳ ಫೋನಿಗೇ ಸಂದೇಶ ಬಂತು: ‘ಪ್ರಿಯ ಶಿವಗಂಗವ್ವ, ಅವಧಿ ಮುಗಿದಿದ್ದ ತಮ್ಮ ಒಪ್ಪಿಗೆಯನ್ನು ನವೀಕರಿಸಲಾಗಿದೆ. ನಮ್ಮೊಂದಿಗೆ ಮುಂದುವರಿದಿದ್ದಕ್ಕೆ ಧನ್ಯವಾದ.’

ಚಾಕಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಶಿವಾನಿ ಭಾನುವಾರ ಬಂದಾಗ ಅದನ್ನು ಓದಿ ನಕ್ಕಳು. ಆಮೇಲೆ ಮುಖ ತೊಳೆಯಲು ಎದ್ದುಹೋದಳು.

“ಅಪ್ಪಾ, ಎಕ್ಸ್‌ಪೈರ್ ಆಗೂದು ಹಾಲಿನ ಪಾಕೀಟ್ರಿ. ಸೀದಾ ಡೈಡ್ ಅಂತ ಬರೀಬಾರದಿತ್ತೇನು?”

“ನಿಮ್ಮವ್ವಗ ಅಂಥಾ ಒರಟ ಮಾತು ಹೆಂಗ ಬರೀಲೆವ್ವಾ.”

ನವೀಕರಣವಾಗಿದ್ದೇ ತಡ, ಕಡಿತದ ಮೊತ್ತವೂ ಏರಿತು. ಒಂಟಿ ಮನುಷ್ಯನ ಮನೆ, ಒಂದು ಫ್ಯಾನು, ಒಂದು ದೀಪ, ಏರಿದ್ದೇಕೆ? ಮೀಟರು ನೋಡಲು ಈಗ ಯಾರೂ ಬರದ ಕಾರಣ ತಮ್ಮ ಕಂಪ್ಯೂಟರು ಅವಳಿದ್ದ ಕಾಲದ ಸರಾಸರಿಯನ್ನೇ ಹಿಡಿದುಕೊಂಡಿದೆಯಂತೆ. ಅಂದರೆ ಅವಳ ಗೀಸರು, ಶೇಂಗಾ ಚಟ್ನಿಯ ಮಿಕ್ಸರು, ಧಾರಾವಾಹಿ ನೋಡುತ್ತಾ ನಿದ್ದೆಹೋದಾಗ ತನ್ನಷ್ಟಕ್ಕೆ ಮಾತಾಡುತ್ತಿದ್ದ ಟೀವಿ, ಎಲ್ಲವೂ ತಮ್ಮಲ್ಲಿ ಇನ್ನೂ ನಡೆಯುತ್ತಿವೆ. ‘ಶಿವಗಂಗವ್ವ, ತಮ್ಮ ಬಳಕೆ ಹೆಚ್ಚಾಗಿದೆ’ ಎಂದು ಈಗ ತಿಂಗಳು ತಿಂಗಳೂ ಸಂದೇಶ. ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಸಂದೇಶ ಬಂದಾಗ ಬಚ್ಚಲಿಗೆ ಹೋಗಿ ಗೀಸರು ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ. ಸಮಾಧಾನವಾಗಬೇಕಲ್ಲವೇ? ಆಗುವುದಿಲ್ಲ. ಮಿಕ್ಸರಿನ ಮುಚ್ಚಳ ತೆಗೆದು ಮೂಸಿಯೂ ನೋಡಿದ್ದೇನೆ. ಇಲ್ಲದವಳು ಬಂದುಹೋದಳೋ ಎಂದು ಗಂಡನಾದವನು ತನ್ನದೇ ಅಡುಗೆಮನೆಯನ್ನು ತಡಕುವಂತೆ ಮಾಡುವ ಅಧಿಕಾರ ತಮಗೆ ಯಾವ ಕಾಯ್ದೆಯಿಂದ ಬಂತು?

ಮರಣ ಪ್ರಮಾಣಪತ್ರ ಹಿಡಿದು ತಮ್ಮ ಕಚೇರಿಗೂ ಬಂದೆ. ಕೌಂಟರಿನ ಹುಡುಗಿ ಅದನ್ನು ಬಿಚ್ಚಿಯೂ ನೋಡದೆ ಮಾತಾಡಿದಳು. ನಾವಾಡಿದ್ದು ಮರಾಠಿ, ಇಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ.

“ಕಾಕಾ, ಒಪ್ಪಿಗಿ ರದ್ದು ಮಾಡಾಕ ಗ್ರಾಹಕರೇ ಸ್ವತಃ ಬರಬೇಕ್ರಿ. ಕಾಕೂನ್ನ ಕರಕೊಂಡು ಬರ್ರಿ.”

“ಆಕಿ ಬರೂದಾದ್ರ ನಾ ಬ್ಯಾಡ ಅಂತೀನೇನವ್ವಾ.”

ಅವಳು ಕಾಗದ ಬಿಚ್ಚಿದಳು, ಓದಿದಳು, ಪಕ್ಕದ ಕಿಟಕಿ ತೋರಿಸಿದಳು. ಆ ಕಿಟಕಿ ಮುಚ್ಚಿತ್ತು.

ಈಗ ನನ್ನ ಬೇಡಿಕೆ. ಆ ನವೀಕರಣ ರದ್ದಾಗಲಿ, ಅವಳ ಫೋನಿಗೆ ಸಂದೇಶ ನಿಲ್ಲಲಿ. ಸರಾಸರಿ ಬಿಟ್ಟು, ಮೀಟರು ನೋಡಲು ಒಬ್ಬ ಮನುಷ್ಯನನ್ನು ಕಳಿಸಿ. ಮೊದಲೆಲ್ಲ ಮೀಟರು ನೋಡುವವನು ಜಿನೆಯ ಮೆಟ್ಟಿಲ ಕೆಳಗೆ ನಿಂತು ಬಿಲ್ಲಿನಲ್ಲಿದ್ದ ಹೆಸರು ಕೂಗುತ್ತಿದ್ದ. “ಇಲ್ಲೇ ಅದೀನ್ರಿ” ಎಂದು ಅವಳು ಒಲೆ ಮುಂದಿನಿಂದಲೇ ಕನ್ನಡದಲ್ಲಿ ಉತ್ತರಿಸುತ್ತಿದ್ದಳು, ಅವನಿಗೆ ತಿಳಿಯುತ್ತಿತ್ತು. ಈ ಸಲವೂ ಹಾಗೆಯೇ ಕೂಗಲಿ. ನಾನು ಕೆಳಗಿಳಿದು ಬಂದು, ಇಂಗ್ಲಿಷಿನ ಹಂಗಿಲ್ಲದೆ, ಸತ್ತಳು ಎಂದು ಹೇಳುತ್ತೇನೆ. ಅದನ್ನು ಬರೆದುಕೊಳ್ಳಲಿ.

ಇಂತಿ,
ಇನ್ನೂ ಎಕ್ಸ್‌ಪೈರ್ ಆಗದ ಕಾರಣ ತಮ್ಮ ನವೀಕರಣಕ್ಕೆ ಅರ್ಹನಲ್ಲದ
ಮಲಕಪ್ಪ, ಧನಕವಡಿ