ಕ್ಲಾಸ್ಯೆ ಎಂಬ ಹೆಸರು

ಫೋಲೆಂಡಾಮ್, ಶುಕ್ರವಾರ

ಪ್ರೀತಿಯ ಮಗಳು ಆಲ್ಟ್ಯೆಗೆ,

ಇಂದು ಶುಕ್ರವಾರದ ಉಪವಾಸ. ಬೆಳಿಗ್ಗೆ ಒಲೆಯ ಬೂದಿ ತೆಗೆದು, ಹೊಸ್ತಿಲು ತಿಕ್ಕಿ, ನಿನ್ನ ತಮ್ಮ ಕ್ಲಾಸ್‌ನ ಹಾಸಿಗೆಯನ್ನು ಗಾಳಿಗೆ ಹಾಕಿದೆ. ಪಕ್ಕದ ಮನೆಯ ನೇಲ್ ನೋಡಿ, "ಅಲ್ಲಾ ಕಣೇ, ಯಾರು ಮಲಗ್ತಾರೆ ಅಂತ ಒಣಗಿಸ್ತೀಯ?" ಎಂದಳು. ನಾನು ಹಾಸಿಗೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಾಕಿದೆ.

ಭಾನುವಾರದ ಜ್ಞಾನಸ್ನಾನದಲ್ಲಿ ನಿನ್ನ ಕೂಸಿಗೆ ಕ್ಲಾಸ್ಯೆ ಎಂದು ಹೆಸರಿಡುವುದಾಗಿ ಬರೆದಿದ್ದೀಯ. ಹೆಣ್ಣಾದರೇನು, ಕ್ಲಾಸ್ ಎಂಬುದನ್ನೇ ಹೆಣ್ಣಿಗೆ ಹೊಂದಿಸಿ ತಮ್ಮನ ಹೆಸರು ಉಳಿಸುವ ಆಸೆ ತಪ್ಪಲ್ಲ. ಅದು ಕಡಲಿನವರನ್ನು ಕಾಯುವ ಸಂತ ನಿಕೊಲಾಸರ ಹೆಸರಿನಿಂದ ಬಂದದ್ದು. 'ಜನರ ಗೆಲುವು' ಎಂದು ಅರ್ಥವಂತೆ, ಪಾದ್ರಿಗಳು ಹೇಳಿದರು. ಸಂತರು ಕಾಯಲಿ ಎಂದೇ ಅವನಿಗೆ ಇಟ್ಟಿದ್ದೆ. ಆದರೆ ನಮ್ಮವರಲ್ಲಿ ಒಡಹುಟ್ಟಿದವರ ಹೆಸರನ್ನು ಕೂಸಿಗೆ ಇಡುವುದು ಅವರು ತೀರಿಹೋದ ಮೇಲೆಯೇ, ನಿನಗೂ ಗೊತ್ತು. ಅವನ ದೋಣಿ ಮಗುಚಿ ಒಂಬತ್ತು ವಾರವಾಯಿತು, ದೇಹ ಸಿಕ್ಕಿಲ್ಲ. ಹೆಸರಿಟ್ಟರೆ ಅವನು ಸತ್ತನೆಂದು ನಾವೇ ಒಪ್ಪಿದಂತೆ.

ನಿನ್ನ ಅಪ್ಪನಿಗೂ ಇದನ್ನೇ ಹೇಳಿದೆ. ಬಲೆ ಹೆಣೆಯುತ್ತಾ, "ಸಮುದ್ರ ಕೊಡೋದಾಗಿದ್ರೆ ಇಷ್ಟೊತ್ತಿಗೆ ಕೊಡ್ತಿತ್ತು ಕಣೇ. ಹೆಸರಾದ್ರೂ ಮನೆಗೆ ಬರ್ಲಿ ಬಿಡು," ಎಂದರು. ಆಮೇಲೆ ಗಂಟು ತಪ್ಪಿತೆಂದು ಎದ್ದು ಹೊರಗೆ ಹೋದರು.

ಇಡು ಮಗಳೇ. ಜ್ಞಾನಸ್ನಾನ ತಡಮಾಡುವುದು ಪಾಪ. ಒಂದೇ ಕೋರಿಕೆ: ನಾನು ಬಂದಾಗ ಕೆಲವು ದಿನ ಅವಳನ್ನು ಚಿನ್ನ ಎಂದಷ್ಟೇ ಕರೆ. ಆ ಹೆಸರು ಕಿವಿಗೆ ಬಿದ್ದರೆ ನಾನು ಬಾಗಿಲ ಕಡೆ ನೋಡಿಬಿಡುತ್ತೇನೆ.

ಆಗುತ್ತದೋ ಇಲ್ಲವೋ ಬರೆ. ಈ ಪತ್ರ ತರುವ ಮೀನು ಮಾರುವ ಡಿರ್ಕ್‌ನಿಗೆ, ನಾಳೆ ಮರಳುವಾಗ ನಿನ್ನ ಬಾಗಿಲಿಗೆ ಬಂದು ಉತ್ತರ ತರಲು ಹೇಳಿದ್ದೇನೆ.

ನಿನ್ನ ತಾಯಿ,
ಮಾರಿಟ್ಯೆ