ಬಾಗಿಲಾಚೆಯ ಎರಡು ಸೆಕೆಂಡು

ಮಾರ್ಚ್ 9, ಭಾನುವಾರ ಬೆಳಗ್ಗೆ
ವರ್ಕ್‌ಶಾಪಿನಿಂದ

ಪ್ರೀತಿಯ ಪುಟ್ಟಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ಅವಳು ನನಗಿಂತ ಒಂದು ಕೈ ಹೆಚ್ಚೇ ಚೆನ್ನಾಗಿದ್ದಾಳೆ, ಏಕೆಂದರೆ ಅವಳಿಗೆ ಕಂಪನಿ ಇಲ್ಲ, ನನಗಿದೆ. ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅವಳ ಮುಂದಿನ ಹಲ್ಲು ಅಲ್ಲಾಡುತ್ತಿದೆ ಎಂದಿದ್ದೆಯಲ್ಲ, ಬಿತ್ತೇ?

ನಾವು ಮಾತಾಡಿ ಮೂರು ತಿಂಗಳಾಯಿತು. ತಪ್ಪು ನನ್ನದೇ, ಕ್ಷಮಿಸು. ಹತ್ತು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. "ಅಣ್ಣ, ಫೋನಲ್ಲಿ ನೀನು ಮಾತಾಡಿದ್ರೆ ಇಂಟರ್‌ವ್ಯೂ ಕೊಟ್ಟ ಹಾಗಿರುತ್ತೆ" ಎಂದು ನೀನೇ ಒಮ್ಮೆ ಹೇಳಿದ್ದೆ. ಅದಕ್ಕೇ ಈ ಕಾಗದ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಸಹಿಸಿಕೋ. ಇಪ್ಪತ್ತು ವರ್ಷ ಗುಂಡಿ ಒತ್ತಿಕೊಂಡೇ ಬದುಕಿದವನು ಪೆನ್ನು ಹಿಡಿದರೆ ಇಷ್ಟೇ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ ಖಾಲಿ ಬಿದ್ದಿದ್ದ ಗೋದಾಮು ಹಿಡಿದಿದ್ದೇನೆ. ಎರಡು ಉದ್ದ ಮೇಜು, ನಾಲ್ಕು ಸ್ಟೂಲು, ಗೋಡೆಗೆ ಕಪಾಟು. ಪಕ್ಕದಲ್ಲಿ ಮುದ್ರಣದ ಯಂತ್ರ ಧಡ್ ಧಡ್ ಎಂದು ಶುರುವಾದರೆ ನನ್ನ ಕಾಲು ತಾನಾಗಿ ಕುಣಿಯುತ್ತದೆ, ಹಳೆಯ ಚಟ. ಬಾಗಿಲಿಗೆ ಮೇಲಿನರ್ಧ ಗಾಜು ಹಾಕಿಸಿದೆ, ಒಳಗಿನ ಚಿಲಕ ಬೇಡವೆಂದೆ. ಬಡಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಒಳಗೆ ಸಾಮಾನು ಇಡಲ್ವಾ ನೀವು?" ಎಂದ. "ಹೊರಗಡೆ ಬೀಗ ಇರ್ಲಿ, ಒಳಗಡೆ ಚಿಲಕ ಬೇಡ" ಎಂದೆ. ಅವನು ತನ್ನ ಜೊತೆಯವನ ಕಡೆ ತಿರುಗಿ ಹುಬ್ಬು ಹಾರಿಸಿದ್ದನ್ನು ನಾನು ನೋಡಿದೆ.

ಇಲ್ಲಿ ನಾವು ಮಾಡುತ್ತಿರುವುದು ಒಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟೇ ದೊಡ್ಡದು, ಮೇಲೆ ಹದಿನಾರು ರಬ್ಬರ್ ಗುಂಡಿ. ಒಂದೊಂದು ಗುಂಡಿಗೆ ಒಂದೊಂದು ಸದ್ದು ತುಂಬಿಸಿ, ಬೆರಳಲ್ಲಿ ಬಡಿದು ಬೀಟ್ ಕಟ್ಟಬಹುದು. ಕಂಪ್ಯೂಟರ್ ಬೇಡ, ಸ್ಟುಡಿಯೋ ಬೇಡ. ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾರಾದರೂ ಇದನ್ನು ನನ್ನ ಕೈಗಿಟ್ಟಿದ್ದರೆ ನಾನು ಊಟ ಬಿಡುತ್ತಿದ್ದೆ. ಒಳಗಿನ ತಂತಿಯ ಕೆಲಸವೆಲ್ಲ ರಿಪೇರಿ ಮಾಮನದು. ನಿನಗೆ ನೆನಪಿರಬೇಕು, ರಸ್ತೆ ಮೂಲೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ನಾನು ಸುಟ್ಟುಹಾಕಿದ ಪ್ರತಿಯೊಂದು ಆಂಪ್ಲಿಫೈಯರನ್ನೂ ಬೈದುಕೊಂಡೇ ಸರಿಮಾಡಿಕೊಟ್ಟವರು. ಅಂಗಡಿ ಮುಚ್ಚಿ ಮನೆಯಲ್ಲಿ ಸುಮ್ಮನಿದ್ದರು. ಹೋಗಿ ಕರೆದೆ. "ನಿನ್ನ ಕೈಗೆ ಸಿಕ್ಕಿ ಹಾಳಾಗೋ ಮೊದ್ಲೇ ನೋಡೋ ಭಾಗ್ಯ ಬಂತಲ್ಲ, ಬರ್ತೀನಿ" ಎಂದರು.

ಈ ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಪುಟ್ಟ ಮೈಕ್ ಇದೆ. ನಾವು ಅದನ್ನು ಕಿವಿ ಎನ್ನುತ್ತೇವೆ. ನೀನು ಹೆಡ್‌ಫೋನ್ ಹಾಕಿಕೊಂಡು ಮೈಮರೆತಿದ್ದಾಗ ಯಾರಾದರೂ ಕರೆದರೆ, ಬಾಗಿಲು ಬಡಿದರೆ, ಸಂಗೀತ ತಾನಾಗಿ ತಗ್ಗಿ ಹೊರಗಿನ ದನಿ ಒಳಗೆ ಬರುತ್ತದೆ. ಇದನ್ನು ಸರಿಪಡಿಸಲು ನಮಗೆ ಎಂಟು ತಿಂಗಳು ಹಿಡಿಯಿತು. ಮೊದಮೊದಲು ಪ್ರೆಸ್ಸಿನ ಧಡ್ ಧಡ್ ಕೇಳಿದರೂ ಬೆಚ್ಚಿಬೀಳುತ್ತಿತ್ತು.

ಈಗ ಸ್ಲೈಡ್ ಸಾಹೇಬರ ಕಥೆ. ಹಾಗೆ ಹೆಸರಿಟ್ಟವಳು ನಿನ್ನ ಅತ್ತಿಗೆ. ಬಂಡವಾಳ ಹಾಕಲು ಬಂದ ಮನುಷ್ಯ. ಗೋಡೆಯ ಮೇಲೆ ಸ್ಲೈಡ್ ಬೀಳದೆ ನಮಸ್ಕಾರವನ್ನೂ ಹೇಳುವುದಿಲ್ಲ. ಆದರೂ ಕೆಟ್ಟವರಲ್ಲ, ಐದು ಸಾವಿರ ಪೆಟ್ಟಿಗೆ ಮಾಡಿಸುತ್ತೇನೆಂದು ಮುಂದೆ ಬಂದವರು ಅವರೊಬ್ಬರೇ. ಅವರು ಎರಡೇ ಎರಡು ಬದಲಾವಣೆ ಕೇಳಿದರು. ಒಂದು, ಕಿವಿ ತೆಗೆಯಬೇಕು. "ಯಾರಿಗ್ರೀ ಬೇಕು ಇದು? ಜನ ಹೆಡ್‌ಫೋನ್ ಹಾಕ್ಕೊಳ್ಳೋದೇ ಬೇರೆಯವರ ಮಾತು ಕೇಳಬಾರ್ದು ಅಂತ." ಎರಡನೆಯದು, ಪೆಟ್ಟಿಗೆ ಆನ್ ಮಾಡಿದ ಕೂಡಲೇ ನಿನ್ನ ದನಿ ಬರಬೇಕು.

ಅದೇ ಎರಡು ಸೆಕೆಂಡು. "ಅಣ್ಣಾ, ಬಾಗಿಲು ತೆಗಿ."

ನನ್ನ ಹಾಡುಗಳನ್ನು ಮರೆತವರೂ ಅದನ್ನು ಮರೆತಿಲ್ಲ. ಪ್ರತಿ ಪ್ರೊಡ್ಯೂಸರನಿಗೂ ಹಾಡಿನ ಶುರುವಿನಲ್ಲಿ ಒಂದು ಗುರುತಿನ ಸದ್ದು ಇರುತ್ತದೆ, ಸಹಿ ಇದ್ದ ಹಾಗೆ. ನನ್ನ ಸಹಿ ಏಳು ವರ್ಷದ ನೀನು. ಮೊದಲ ಎಲೆಕ್ಟ್ರೋ ಹಾಡಿನಿಂದ ಹಿಡಿದು ಹಿಪ್‌ಹಾಪ್‌ನವರಿಗೆ ಮಾಡಿಕೊಟ್ಟ ಕೊನೆಯ ಬೀಟಿನವರೆಗೆ ನಲವತ್ತೊಂದು ಹಾಡು, ನಲವತ್ತೊಂದರಲ್ಲೂ ನೀನು. ಸಾವಿರ ಜನ ಸೇರಿದ ಸಭಾಂಗಣದಲ್ಲಿ ದೀಪ ಆರಿಸಿ ನಿನ್ನ ದನಿ ಬಿಟ್ಟರೆ, ಅಷ್ಟೂ ಜನ ಒಟ್ಟಿಗೆ "ಬಾಗಿಲು ತೆಗಿ" ಎಂದು ಕೂಗುತ್ತಿದ್ದರು. ಪತ್ರಿಕೆಯವರು ಕೇಳಿದಾಗಲೆಲ್ಲ, ತಂಗಿಯ ಮೇಲಿನ ಪ್ರೀತಿಗೆ ಇಟ್ಟದ್ದು ಎನ್ನುತ್ತಿದ್ದೆ. ನೀನು ಮಾತ್ರ ಬಸ್ಸಿನಲ್ಲಿ ಆ ಹಾಡು ಬಂದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತೀಯೆಂದು ಯಾರೋ ಹೇಳಿದರು. ನಾಚಿಕೆ ಇರಬೇಕು ಎಂದುಕೊಂಡೆ. ಅಂದುಕೊಳ್ಳಲು ಅದು ಸುಲಭವಾಗಿತ್ತು.

ಕಂಪನಿಯ ಗುರುತಾಗಿ ದನಿಯನ್ನು ನೋಂದಾಯಿಸಬೇಕಾದರೆ ದನಿಯ ಒಡತಿಯ ಒಪ್ಪಿಗೆ ಬೇಕು. ಅದಕ್ಕೇ ಡಿಸೆಂಬರಿನಲ್ಲಿ ನಿನಗೆ ಒಪ್ಪಿಗೆಪತ್ರ ಕಳಿಸಿ ಫೋನ್ ಮಾಡಿದ್ದು, ಒಂದು ಸಹಿ ಹಾಕಿಕೊಡು ಎಂದದ್ದು. ನೀನು "ಬೇಡ" ಎಂದೆ. ಯಾಕೆ ಎಂದು ಕೇಳಿದೆ. ನೀನು ಹೇಳಿದೆ: "ಆ ದನಿ ಕೇಳಿದಾಗೆಲ್ಲ, ಇನ್ನೂ ಜೋರಾಗಿ ಬಡೀಬೇಕಿತ್ತು ಅನ್ಸುತ್ತೆ ಅಣ್ಣ. ಜೋರಾಗಿ ಬಡಿದಿದ್ರೆ ನಿಂಗೆ ಕೇಳಿಸ್ತಿತ್ತು."

ನಾನು ಅಲ್ಲಿಗೇ ಫೋನ್ ಇಟ್ಟುಬಿಟ್ಟೆ. ಕೋಪ ಬಂತೆಂದು ನೀನು ತಿಳಿದಿರಬಹುದು. ಕೋಪವಲ್ಲ, ಪುಟ್ಟಿ.

ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಒಂದು ದಿನವೂ ನೇರವಾಗಿ ಮಾತಾಡಿಲ್ಲ. ನಾನು ಮಹಡಿ ಮನೆಯ ಹಿಂದಿನ ಕೋಣೆಗೆ ಚಿಲಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಬಡಿಯುತ್ತ ರೆಕಾರ್ಡ್ ಮಾಡುತ್ತಿದ್ದೆ. ಅಮ್ಮ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಶಾಲೆಗೆ ರಜೆಯಿತ್ತೆಂದು ಅವಳ ಹತ್ತಿರ ಇದ್ದವಳು ನೀನೊಬ್ಬಳೇ. ನೀನು ಓಡಿಬಂದು ನನ್ನ ಬಾಗಿಲು ಬಡಿದೆ, ಕರೆದೆ, ಆ ಕರೆ ಟೇಪಿಗೂ ಬಿತ್ತು. ನಾನು ತೆಗೆಯಲಿಲ್ಲ. ಕೊನೆಗೆ ಬರಿಗಾಲಲ್ಲಿ ಕೆಳಗೆ ಓಡಿ ಟೈಲರ್ ಅಂಕಲ್ ಅವರನ್ನು ಕರೆತಂದೆ. ಲಕ್ವ ಹೊಡೆದಿತ್ತು. ಇನ್ನೂ ಸ್ವಲ್ಪ ಬೇಗ ತಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ಮಾತು ನಿಲ್ಲಿಸಿದರು. ಪಾಪ, ಹುಡುಗನ ಕಿವಿಗೆ ಹೆಡ್‌ಫೋನ್ ಇತ್ತು, ಅವನಿಗೇನು ಗೊತ್ತು ಎಂದು ಎಲ್ಲರೂ ಹೇಳಿದರು. ಅಮ್ಮ ಮತ್ತೆ ಹನ್ನೊಂದು ವರ್ಷ ಇದ್ದಳು, ಬಲಗೈ ಆಡದೆ, ಮಾತಿಲ್ಲದೆ. ಮಗ ಏನು ಮಾಡುತ್ತಾನೆ ಎಂದು ಬಂದವರು ಕೇಳಿದರೆ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ಟಕ್ ಟಕ್ ಎಂದು ಬಡಿದು ತೋರಿಸುತ್ತಿದ್ದಳು, ಹೆಮ್ಮೆಯಿಂದ. ಅವಳಿಗೆ ತುತ್ತು ಕೊಟ್ಟವಳು, ಒಂದೊಂದೇ ಅಕ್ಷರ ಹೇಳಿಕೊಟ್ಟವಳು ನೀನು. ನಾನು ಊರೂರು ಸುತ್ತುತ್ತಿದ್ದೆ. ಈಗ ಆಸ್ಪತ್ರೆಯಲ್ಲಿ ಲಕ್ವ ಹೊಡೆದವರಿಗೆ ಮಾತು ಕಲಿಸುವ ನಿನ್ನ ಕೆಲಸ ನೋಡಿದರೆ, ನಮ್ಮಿಬ್ಬರಲ್ಲಿ ಸದ್ದಿನ ಬೆಲೆ ಗೊತ್ತಿದ್ದವಳು ನೀನೇ ಅನಿಸುತ್ತದೆ.

ಇರಲಿ. ನಾನು ಏನು ಮಾಡಿದೆ ಎಂದು ಹೇಳಲು ಈ ಕಾಗದ. ಹೋದ ತಿಂಗಳು ಸಾಹೇಬರ ಆಫೀಸಿಗೆ ಹೋಗಿ, "ಕಿವಿ ಇರುತ್ತೆ, ದನಿ ಇರಲ್ಲ" ಎಂದೆ. ಅವರು ನಕ್ಕರು. "ತಲೆ ಕೆಟ್ಟಿದ್ಯೇನ್ರೀ? ನಿಮ್ಮ ಹತ್ರ ಇರೋ ಆಸ್ತಿಯೇ ಆ ದನಿ. ಅದಿಲ್ದೆ ನೀವು ಇನ್ನೊಬ್ಬ ಹಳೇ ಪ್ರೊಡ್ಯೂಸರ್, ಅಷ್ಟೇ." ನಾನೆಂದೆ, "ಅಷ್ಟೇ ಆಗಿರ್ತೀನಿ. ಆ ದನಿ ನನ್ನದಲ್ಲ." ಅವರು ಲ್ಯಾಪ್‌ಟಾಪ್ ಮುಚ್ಚಿದರು. ಸ್ಲೈಡ್ ಇಲ್ಲದ ಗೋಡೆಯನ್ನು ಅವರ ಆಫೀಸಿನಲ್ಲಿ ಮೊದಲ ಸಲ ನೋಡಿದೆ, ಸುಣ್ಣ ಹೊಡೆಸಿ ಬಹಳ ದಿನವಾಗಿದೆ.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸದೆ, "ಐದು ಸಾವಿರ ಆಗದಿದ್ರೆ ಎಷ್ಟಾಗುತ್ತೆ?" ಎಂದಳು. ಲೆಕ್ಕ ಹಾಕಿ ಇನ್ನೂರು ಎಂದೆ. "ಸರಿ, ಇನ್ನೂರು ಮಾಡಿ. ಪ್ಯಾಕಿಂಗಿಗೆ ನಾನು ಬರ್ತೀನಿ" ಎಂದಳು. ಈಗ ದಿನಕ್ಕೆ ನಾಲ್ಕು ಪೆಟ್ಟಿಗೆ, ಮೂವರ ಕೈಯಲ್ಲಿ. ಮಾಮ ಬೆಸುಗೆ ಹಾಕುತ್ತಾರೆ, ನಾನು ಗುಂಡಿ ಕೂರಿಸಿ ಬಡಿದು ನೋಡುತ್ತೇನೆ, ಅವಳು ಡಬ್ಬಕ್ಕೆ ತುಂಬುತ್ತಾಳೆ. ಅರವತ್ತೆಂಟು ಆಗಿವೆ. ಆನ್ ಮಾಡಿದರೆ ಯಾವ ಸದ್ದೂ ಬರುವುದಿಲ್ಲ, ಒಂದು ಹಸಿರು ದೀಪ ಹತ್ತುತ್ತದೆ. ಇನ್ನೂರೂ ಮುಗಿಸಿಯೇ ತೀರುತ್ತೇನೆ, ಆಮೇಲೆ ಇನ್ನೂರು.

ಹಳೆಯ ಹಾಡುಗಳ ವಿಷಯ. ನನ್ನ ಕೈಯಲ್ಲಿರುವ ಮೂವತ್ತನಾಲ್ಕರಿಂದ ನಿನ್ನ ದನಿ ತೆಗೆದಾಯಿತು. ಉಳಿದ ಏಳು ಬೇರೆಯವರ ಹಕ್ಕಿನಲ್ಲಿವೆ. ಎಲ್ಲರಿಗೂ ಬರೆದಿದ್ದೇನೆ, ಇಬ್ಬರು ಒಪ್ಪಿದ್ದಾರೆ, ಒಬ್ಬರು ನನಗೆ ಹುಚ್ಚು ಎಂದು ಉತ್ತರ ಬರೆದಿದ್ದಾರೆ. ಬಿಡುವವನಲ್ಲ, ಬೆನ್ನು ಹತ್ತಿದ್ದೇನೆ. ನೀನು ಬಸ್ಸಿನಲ್ಲಿ ನಿನ್ನ ಸ್ಟಾಪಿನವರೆಗೂ ಕೂತು ಹೋಗುವಂತಾಗಬೇಕು.

ಸಹಿ ಕೇಳಿದ ಆ ಪತ್ರವನ್ನು ಹರಿದುಹಾಕು. ಮಗಳಿಗೆ ಒಂದು ಪೆಟ್ಟಿಗೆ ಬೇರೆಯಾಗಿ ಕಳಿಸುತ್ತಿದ್ದೇನೆ, ಮೊದಲನೇ ನಂಬರಿನದು. ನೀನು ಕರೆದಾಗ ಅವಳಿಗೆ ಕೇಳಿಸುತ್ತದೆ, ಗ್ಯಾರಂಟಿ ನನ್ನದು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಸದ್ದು ಜಾಸ್ತಿಯಾದರೆ ನನ್ನನ್ನು ಬೈಯಲು ಹೇಳು. ನಿನ್ನ ಕೈಯಲ್ಲಿ ಮಾತು ಕಲಿಯುತ್ತಿರುವವರಿಗೆಲ್ಲ ಬೇಗ ಮಾತು ಬರಲಿ. ನಿನ್ನ ಮನೆ ತಣ್ಣಗಿರಲಿ, ನೂರು ಕಾಲ ಚೆನ್ನಾಗಿ ಬಾಳು.

ಸದಾ ನಿನ್ನ ಒಳಿತನ್ನೇ ಬಯಸುವ,
ಅಣ್ಣ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಮಂಗಳವಾರ ಕಿವಿಯ ಪರೀಕ್ಷೆ ನಡೆಯುತ್ತಿದ್ದಾಗ, ನೂರಾರು ಜನರಿಗೆ ಹೇಳಿದ ಆ ಮಾತನ್ನೇ ಮಾಮನಿಗೂ ಹೇಳಿದೆ: "ಹೆಡ್‌ಫೋನ್ ಇತ್ತು ಮಾಮ, ಕೇಳಿಸ್ಲಿಲ್ಲ." ಅವರು ಬೆಸುಗೆಯಿಂದ ತಲೆ ಎತ್ತಲಿಲ್ಲ. "ಅವಳ ದನಿ ಮೈಕಿಗೆ ಸಿಕ್ಕಿತ್ತು ಅಂದ್ರೆ ನಿನ್ನ ಕಿವಿಗೂ ಬಂದಿರ್ಬೇಕಲ್ಲಪ್ಪ. ಮೈಕಿಂದ ಬಂದದ್ದೇ ತಾನೆ ಹೆಡ್‌ಫೋನಲ್ಲಿ ಕೇಳೋದು?" ಎಂದರು. ಇಪ್ಪತ್ತಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮೊದಲ ಸಲ ಬಡಿದಾಗಲೇ ಕೇಳಿಸಿತ್ತು. ಎಂದಿನಂತೆ ಬಕೆಟ್ ಬಡಿಯಲು ಬಂದಿದ್ದೀಯೆಂದುಕೊಂಡೆ. ಲಯ ಚೆನ್ನಾಗಿ ಕೂತಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ. ನಿನಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಬಾಗಿಲ ಕಡೆಗೆ ಕೈ ಎತ್ತಿ, ತಾಳು ಎಂದೆ. ಮೂರನೇ ಸಲ ನೀನು ಅಳುತ್ತಿದ್ದೆ. ಅದೂ ಕೇಳಿಸಿತು. ಇನ್ನೆರಡು ನಿಮಿಷ ಎಂದುಕೊಂಡೆ. ಅಲ್ಲಿಂದ ಟೈಲರ್ ಅಂಕಲ್ ಬಾಗಿಲು ಒದೆಯುವವರೆಗೆ ಟೇಪಿನಲ್ಲಿ ಹನ್ನೊಂದು ನಿಮಿಷ ಇದೆ. "ಪಾಪ, ಅವನಿಗೆ ಕೇಳಿಸಿಲ್ಲ" ಎಂದು ಆಸ್ಪತ್ರೆಯಲ್ಲಿ ನನ್ನ ಪರವಾಗಿ ಹೇಳಿದವರೂ ಅವರೇ. ನಾನು ತಲೆಯಾಡಿಸಿದೆ. ಆಮೇಲೆ ನಿನ್ನ ದನಿಯನ್ನು ಕತ್ತರಿಸಿ ಹಾಡಿಗೆ ಹಾಕಿದ್ದು ಪ್ರೀತಿಗಲ್ಲ. ಸಾವಿರ ಸಲ ಕೇಳಿದರೆ ಅದು ಬರೀ ಸದ್ದಾಗಿಬಿಡುತ್ತದೆ ಎಂಬ ಆಸೆಗೆ. ಆಗಲಿಲ್ಲ.

ನನ್ನ ತಪ್ಪನ್ನು ನೀನು ಏಳನೇ ವರ್ಷದಿಂದ ಹೊತ್ತಿದ್ದೀ. ಇವತ್ತು ಇಳಿಸಿಬಿಡು. ನನ್ನೊಡನೆ ಮಾತಾಡದಿದ್ದರೂ ಸರಿ, ಮಗಳನ್ನು ತೋರಿಸದಿದ್ದರೂ ಸರಿ, ಇದೊಂದನ್ನು ನಂಬು. ನೀನು ಎರಡೂ ಕೈಯಿಂದ ಬಡಿದಿದ್ದೆ, ಟೇಪಿನಲ್ಲಿ ಗೊತ್ತಾಗುತ್ತದೆ. ಸಾಕಷ್ಟು ಜೋರಾಗಿಯೇ ಬಡಿದಿದ್ದೆ, ಪುಟ್ಟಿ. ನನಗೆ ಕೇಳಿಸಿತ್ತು.