ಕುಸುಬಿ ಎಣ್ಣಿ

ಕಲ್ಯಾಣ, ೧೪ ಮಾರ್ಚ್ ೧೯೪೬, ಗುರುವಾರ

ಮೋಟಾರು ಚಾಲೂ ಮಾಡೋ ಹ್ಯಾಂಡಲ್ ಇವತ್ತೂ ತಿರುಗಲಿಲ್ಲ.

ಸಣ್ಣ ಸಾಹೇಬ್ರು ಲಡಾಯಿಗೆ ಹೋಗುವಾಗ ತಮ್ಮ ರೇಸಿನ ಮೋಟಾರು ನನ್ನ ಕೈಗೆ ಒಪ್ಪಿಸಿ ಹೋಗಿದ್ರು. ನಾಲ್ಕು ವರ್ಷ ಗಾಲಿ ಬಿಚ್ಚಿ ಕಲ್ಲಿನ ಮ್ಯಾಲ ನಿಲ್ಲಿಸಿ, ಇಲಿ ಬರಬಾರದಂತ ಬೇವಿನ ತಪ್ಪಲು ತುಂಬಿ ಕಾಯ್ದೆ. ಮೋಟಾರಿನ ಎಣ್ಣಿ ಎಲ್ಲೂ ಸಿಗಲಿಲ್ಲಂತ ತಿಂಗಳಿಗೊಮ್ಮೆ ಇಂಜಿನ್ನಿನೊಳಗ ಗಾಣದ ಕುಸುಬಿ ಎಣ್ಣಿ ಹಾಕಿದೆ. ಅದು ಒಣಗಿ ಅರಗಿನಂಗ ಗಟ್ಟಿಯಾಗಿ ಇಂಜಿನ್ನೇ ಹಿಡಕೊಂಡದ. ಸುಮ್ನ ಬಿಟ್ಟಿದ್ರ ಬರೇ ತುಕ್ಕು ಹಿಡೀತಿತ್ತು, ಉಜ್ಜಿ ತೆಗೀಬಹುದಿತ್ತು. ನಾ ಯಾಕ ಅಷ್ಟು ಕಾಳಜಿ ಮಾಡಿದೆ?

ನಾಳೆ ಸಾಹೇಬ್ರು ಹುಮನಾಬಾದಕ್ಕ ಬಂದು ಬಸ್ ಇಳೀತಾರ. ಅವರ ತಾಯಿ ಯಶೋದಾಬಾಯಿ ಸಂಜಿಗೆ ಬಂದು ಮೋಟಾರಿನ ಹೊಳಪಿನ್ಯಾಗ ಮುಖ ನೋಡಿಕೊಂಡ್ರು. "ಇದರಾಗೇ ಅವನ್ನ ಕರ್ಕೊಂಡು ಬಾ, ಏಕನಾಥ. ನೀ ಇದ್ದಿ ಅಂತ ಇದು ಉಳೀತು," ಅಂದ್ರು.

ಹೌದ್ರಿ, ಅಂದೆ.